ಹಳೆಯ ಕಾರಿನ ಏರ್‌ಬ್ಯಾಗ್: ಯಾವ ಇನ್‌ಫ್ಲೇಟರ್ ನಂಬಬಹುದು?

ಅಮೆರಿಕದಲ್ಲಿ ಹಳೆಯ ಕಾರು ಕೊಳ್ಳುವವರು ಬಣ್ಣಕ್ಕಿಂತ ಮೊದಲು ಏರ್‌ಬ್ಯಾಗಿನ ಇನ್‌ಫ್ಲೇಟರ್ (ಚೀಲಕ್ಕೆ ಅನಿಲ ತುಂಬುವ ಸಾಧನ) ಯಾವುದೆಂದು ವಿಚಾರಿಸಬೇಕು. ತಕಾಟಾ ಕಂಪನಿಯ, ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕವನ್ನು ಇಂಧನವಾಗಿ ಉರಿಸುವ ಇನ್‌ಫ್ಲೇಟರ್‌ಗಳಲ್ಲಿ ತೇವ ಹೀರುವ ವಸ್ತು ಇಲ್ಲದವೇ ಅತಿ ಅಪಾಯಕಾರಿ. ವರ್ಷಗಟ್ಟಲೆ ಹಗಲು ಕಾದು ರಾತ್ರಿ ತಣಿಯುತ್ತಿದ್ದರೆ, ಒಳಸೇರಿದ ತೇವದಿಂದ ಇಂಧನದ ಬಿಲ್ಲೆಗಳು ಉಬ್ಬಿ ಸಡಿಲವಾಗುತ್ತವೆ. ಅಪಘಾತದ ಕ್ಷಣದಲ್ಲಿ ಅವು ಮಿತಿಮೀರಿದ ವೇಗದಲ್ಲಿ ಉರಿದು ಲೋಹದ ಕವಚವನ್ನೇ ಸೀಳುತ್ತವೆ. ಆ ಚೂರುಗಳು ಜೀವ ತೆಗೆದಿವೆ! ಅಲ್ಲಿ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು ದೋಷಕ್ಕಾಗಿ ತಯಾರಕರು ಹಿಂಪಡೆಯುವ (ರೀಕಾಲ್) ಪಟ್ಟಿಗೆ ಸೇರಿದವು.

ತೇವಹೀರಕ ಇರುವವು ಹೆಚ್ಚು ಕಾಲ ತಾಳುತ್ತವೆ. ಗ್ವಾನಿಡೀನ್ ನೈಟ್ರೇಟ್ ಎಂಬ ಬೇರೆ ಇಂಧನ ಬಳಸಿದವು ಇನ್ನೂ ಸ್ಥಿರ. ನನ್ನ ಆಯ್ಕೆ ಇವೇ. ಫ್ಲಾರಿಡಾದ ಸೆಖೆಯಲ್ಲಿ ನಿಂತ ಕಾರಿಗಿಂತ ಚಳಿಯ ಮಿಷಿಗನ್‌ನ ಕಾರು ವಾಸಿ, ತುಕ್ಕು ಮಾತ್ರ ನೋಡಿಕೊಳ್ಳಿ. ಚಾಸಿ ಸಂಖ್ಯೆ ಹಿಂಪಡೆಯುವ ಪಟ್ಟಿಯಲ್ಲಿದ್ದರೆ ಇನ್‌ಫ್ಲೇಟರ್ ಬದಲಿಸಿದ ಮೇಲೆಯೇ ಹಣ ಕೊಡಿ.