ಗೇರುಸೊಪ್ಪೆ ಹಡಗಿನ ಬೆಳ್ಳಿ ನಾಣ್ಯ ತರಿಸಿದೆ, 5ಕ್ಕೆ ಮೂರೂವರೆ

ಅಂಚು ನೋಡೋಕೆ ಅಂತಾನೇ ತರಿಸಿದ ನಾಣ್ಯ, ಅಂಚೇ ಕಾಣದ ಹಾಗೆ ದಪ್ಪ ಫೋಮ್ ಒಳಗೆ ಕೂರಿಸಿ ಕಳಿಸಿದ್ದಾರೆ ಪುಣ್ಯಾತ್ಮರು. ಸೆಕೆಂಡ್ ಹ್ಯಾಂಡ್ ನಾಣ್ಯ ಮಾರೋ ಒಬ್ಬರ ಹತ್ರ ಆನ್‌ಲೈನಲ್ಲಿ ತಗೊಂಡಿದ್ದು, ಹೆಸರು ಬೇಡ ಬಿಡಿ. ಜೊತೆಗೆ ಒಂದು ಚೀಟಿ ಬೇರೆ ಇಟ್ಟಿದ್ರು, ಈ ಹಡಗು ಅರಬ್ಬೀ ಸಮುದ್ರದಲ್ಲಿ ಮುಳುಗಿದ್ದು ಅಂತ. ಅಲ್ಲಾ ಸ್ವಾಮಿ, ಅದು ಮುಳುಗಿದ್ದು ಐರ್ಲೆಂಡ್ ಕಡೆ ಅಟ್ಲಾಂಟಿಕ್‌ನಲ್ಲಿ!

ಇದು ಮುಳುಗಿದ ಆ ಹಡಗಿಂದ ಎತ್ತಿದ ಬೆಳ್ಳಿಯಲ್ಲೇ ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್ 2014ರಲ್ಲಿ ಬಿಟ್ಟಿದ್ದ ಕಾಲು ಔನ್ಸ್ ಬೆಳ್ಳಿ ನಾಣ್ಯ. ಮುಖಬೆಲೆ 50 ಪೆನ್ಸ್, ತೂಕ 7.8 ಗ್ರಾಂ ಹತ್ರ ಹತ್ರ. ಒಂದು ಕಡೆ ಎಲಿಜಬೆತ್ ರಾಣಿ, ಇನ್ನೊಂದು ಕಡೆ ತ್ರಿಶೂಲ ಹಿಡ್ಕೊಂಡ ಬ್ರಿಟಾನಿಯಾ, ಅಂದ್ರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ತೋರಿಸೋ ಚಿತ್ರ. ಇಷ್ಟೇ ಆಗಿದ್ರೆ ನಾನು ಯಾಕೆ ತಗೊಳ್ತಿದ್ದೆ. ಫೋಮಿಂದ ಬಿಡಿಸಿ ಲೈಟಿಗೆ ಹಿಡಿದು ಮೆಲ್ಲಗೆ ತಿರುಗಿಸಿದ್ರೆ ಅಂಚಿನ ಮೇಲೆ ಇರುವೆ ಸಾಲಿನ ಥರ ಸಣ್ಣ ಅಕ್ಷರ, ಎಸ್‌ಎಸ್ ಗೇರ್‌ಸೊಪ್ಪ. ನಮ್ಮ ಶರಾವತಿ ದಂಡೆಯ ಗೇರುಸೊಪ್ಪೆ! ಜೋಗಕ್ಕೆ ಇಂಗ್ಲಿಷರು ಗೇರುಸೊಪ್ಪೆ ಫಾಲ್ಸ್ ಅಂತಾನೇ ಅಂತಿದ್ರಲ್ಲ, ಆ ಹೆಸರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯವರು ತಮ್ಮ ಹಡಗುಗಳಿಗೆ ಹೆಚ್ಚಾಗಿ 'ಆ' ಅಂತ ಮುಗಿಯೋ ಊರಿನ ಹೆಸರುಗಳನ್ನೇ ಇಡ್ತಿದ್ರು, ಅದಕ್ಕೇ ಇರಬೇಕು ನಮ್ಮ ಸೊಪ್ಪೆ ಸೊಪ್ಪ ಆಗಿರೋದು.

ಹಡಗು 1919ರದ್ದು. 1940ರ ಡಿಸೆಂಬರಲ್ಲಿ ಕಲ್ಕತ್ತಾದಿಂದ ಬೀಡು ಕಬ್ಬಿಣ, ಚಹಾ, ಟನ್‌ಗಟ್ಟಲೆ ಬೆಳ್ಳಿ ತುಂಬ್ಕೊಂಡು ಹೊರಟಿತ್ತು. ಆಫ್ರಿಕಾದ ಫ್ರೀಟೌನ್‌ನಲ್ಲಿ ಬೇರೆ ಹಡಗುಗಳ ಗುಂಪು ಸೇರ್ಕೊಂಡ್ತು, ಆದ್ರೆ ಹವಾಮಾನ ಕೆಟ್ಟು ಕಲ್ಲಿದ್ದಲು ಸಾಲದೆ ಹೋಗಿ, ಇವರೊಬ್ಬರೇ ಗುಂಪು ಬಿಟ್ಟು ಐರ್ಲೆಂಡಿನ ಗಾಲ್ವೇ ಕಡೆ ತಿರುಗಿಸಿದ್ರು. ಯುದ್ಧಕಾಲದಲ್ಲಿ ಒಂಟಿ ಹಡಗು ಅಂದ್ರೆ ಗೊತ್ತಲ್ಲ. 1941ರ ಫೆಬ್ರವರಿ ಮಧ್ಯದಲ್ಲಿ ಯು-101 ಅನ್ನೋ ಜರ್ಮನ್ ಸಬ್‌ಮರೀನ್ ಟಾರ್ಪೆಡೋ ಬಿಟ್ತು, ಕಥೆ ಮುಗೀತು. ಹಡಗಲ್ಲಿದ್ದವರು 80ಕ್ಕೂ ಹೆಚ್ಚು ಜನ, ಬಹುಪಾಲು ನಮ್ಮ ದೇಶದ ಲಸ್ಕರ್‌ಗಳು, ಅಂದ್ರೆ ಬಾಯ್ಲರಿಗೆ ಕಲ್ಲಿದ್ದಲು ಹಾಕೋರು, ಡೆಕ್ ತೊಳೆಯೋರು. ಬದುಕಿ ದಡ ಸೇರಿದ್ದು ಒಬ್ಬರೇ, ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್, ಅದೂ ಲೈಫ್‌ಬೋಟಲ್ಲಿ 13 ದಿನ ಕಳೆದ ಮೇಲೆ.

ಬೆಳ್ಳಿ ಮಾತ್ರ ಸಿಕ್ತು. ಯುದ್ಧದ ಅಪಾಯಕ್ಕೆ ಬ್ರಿಟಿಷ್ ಸರ್ಕಾರವೇ ಇನ್ಶೂರೆನ್ಸ್ ಕೊಟ್ಟಿದ್ರಿಂದ, ಹಡಗು ಹೋದ ಮೇಲೆ ದುಡ್ಡು ಕಟ್ಟಿಕೊಟ್ಟು ಮಾಲಿಗೆ ಅದೇ ವಾರಸುದಾರ ಆಯ್ತು. 2011ರಲ್ಲಿ ಅಮೆರಿಕದ ಒಡಿಸ್ಸಿ ಮರೀನ್ ಕಂಪನಿ ಹತ್ತಿರ ಹತ್ತಿರ 4,700 ಮೀಟರ್ ಆಳದಲ್ಲಿ ಹಡಗನ್ನ ಪತ್ತೆ ಮಾಡಿದ್ರು, ಟೈಟಾನಿಕ್ ಇರೋದಕ್ಕಿಂತ ಜಾಸ್ತಿ ಆಳ ಅದು. 2012ರಲ್ಲಿ 1,218 ಬೆಳ್ಳಿ ಗಟ್ಟಿ, ಮರುವರ್ಷ 1,574, ಒಟ್ಟು 2,792, ಎಲ್ಲಾ ಸೇರಿ 100 ಟನ್ ಮೇಲೆ. ಖರ್ಚು ಕಳೆದು ಉಳಿದಿದ್ರಲ್ಲಿ 80 ಭಾಗ ಎತ್ತಿದ ಕಂಪನಿಗೆ, 20 ಭಾಗ ಬ್ರಿಟಿಷ್ ಸರ್ಕಾರಕ್ಕೆ. ಬೆಳ್ಳಿ ಹೊರಟಿದ್ದ ಬಂದರಿನ ದೇಶ ಈ ಲೆಕ್ಕದಲ್ಲೇ ಇಲ್ಲ, ಕಾನೂನು ಪ್ರಕಾರ ಸರಿಯೇ ಇರಬಹುದು, ಆದ್ರೂ ಓದಿದಾಗ ಒಂಥರಾ ಆಗುತ್ತೆ. ಅದೇ ಹಡಗಿನ ಒಳಗೆ 700ಕ್ಕೂ ಹೆಚ್ಚು ಕಾಗದ ಹಾಳಾಗದೆ ಸಿಕ್ಕಿದ್ವಂತೆ, ಸೈನಿಕರು, ಬೇರೆಯವರು ಇಂಡಿಯಾದಿಂದ ಮನೆಗೆ ಬರೆದಿದ್ದು, ಅದು ಬೇರೆಯೇ ಕಥೆ.

ನಾಣ್ಯ ಬಂದ ದಿನ ನಮ್ಮ ಅಜ್ಜನ ಡಬ್ಬಿಯಲ್ಲಿದ್ದ ಆರನೇ ಜಾರ್ಜ್ ರೂಪಾಯಿ ತೆಗೆದು ಪಕ್ಕದಲ್ಲಿಟ್ಟೆ. ಅದೂ ಯುದ್ಧಕಾಲದ್ದೇ. 1940ರವರೆಗೆ ನಮ್ಮ ರೂಪಾಯಿಯಲ್ಲಿ 100ಕ್ಕೆ 91.7 ಭಾಗ ಬೆಳ್ಳಿ ಇರ್ತಿತ್ತು. ಫ್ರಾನ್ಸ್ ಜರ್ಮನಿ ಕೈಗೆ ಬಿದ್ದ ಸುದ್ದಿ ಬಂದಾಗ ಜನ ಹೆದರಿ ಬೆಳ್ಳಿ ರೂಪಾಯಿ ಮನೇಲಿ ಬಚ್ಚಿಡೋಕೆ ಶುರು ಮಾಡಿದ್ರು, ಸರ್ಕಾರ ಒಂದು ರೂಪಾಯಿ ನೋಟು ಮತ್ತೆ ತಂತು, ನಾಣ್ಯದ ಬೆಳ್ಳಿನ 50 ಭಾಗಕ್ಕೆ ಇಳಿಸ್ತು, ಉಳಿದಿದ್ದು ತಾಮ್ರ, ನಿಕ್ಕಲ್, ಸತು. ಆಮೇಲೆ 1943ರಲ್ಲಿ ತಾಮ್ರ ಉಳಿಸೋಕೆ ನಡುವೆ ತೂತು ಇರೋ ಕಾಸೂ ಬಂತು. ಅಜ್ಜನ ರೂಪಾಯಿ ಕಡಪಾ ಕಲ್ಲಿನ ಮೇಲೆ ಬಿಟ್ಟು ನೋಡಿದೆ, ಠಣ್ ಅಂತ ಉದ್ದಕ್ಕೆ ಕೇಳ್ಬೇಕಿತ್ತು, ಠಕ್ ಅಂದು ಸುಮ್ಮನಾಯ್ತು. ಅದರ ಅಂಚಲ್ಲೂ ಒಂದು ವಿಶೇಷ ಇದೆ, ಸಾಮಾನ್ಯ ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಕೊರೆದಿದ್ದಾರೆ, ಖೋಟಾ ಮಾಡೋರಿಗೆ ಕಷ್ಟ ಆಗ್ಲಿ ಅಂತ. 1940ರಲ್ಲಿ ಇಲ್ಲಿ ಜನರ ಕೈಗೆ ಅರ್ಧ ಬೆಳ್ಳಿ, ಅದೇ ವರ್ಷ ಕಲ್ಕತ್ತಾ ಬಂದರಿಂದ ಗಟ್ಟಿ ಬೆಳ್ಳಿ ಹಡಗು ಹತ್ತಿದೆ. ಎರಡೂ ಅಂಚನ್ನ ಜೊತೆಗಿಟ್ಟು ನೋಡಿದಾಗ ನನಗೆ ಆ ವರ್ಷ ಅರ್ಥ ಆದಷ್ಟು ಯಾವ ಪುಸ್ತಕದಲ್ಲೂ ಆಗಿರಲಿಲ್ಲ.

ಸರಿ, ಪ್ರಾಡಕ್ಟ್ ವಿಷಯ. ಕೆಲಸ ಅಚ್ಚುಕಟ್ಟು, ಬ್ರಿಟಾನಿಯಾ ಸೆರಗಿನ ಮಡಿಕೆ ಕೂಡ ಭೂತಗನ್ನಡಿ ಹಿಡಿದ್ರೆ ಬಿಡಿ ಬಿಡಿಯಾಗಿ ಕಾಣುತ್ತೆ. ಬೆಲೆ ಮಾತ್ರ ಬೆಳ್ಳಿ ತೂಕದ ರೇಟಿಗೆ ಎಷ್ಟೋ ಪಟ್ಟು, ಕಥೆಗೇ ದುಡ್ಡು ಕೊಡ್ತಿದ್ದೀವಿ ಅಂತ ಗೊತ್ತಿದ್ದೇ ತಗೊಳ್ಳಿ, ಇನ್ವೆಸ್ಟ್‌ಮೆಂಟ್ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ನಾನು ಒಂದು ಮಾರ್ಕು ಕಟ್ ಮಾಡಿದ್ದು ಫೋಮಿಗೆ ಮತ್ತು ಆ ಚೀಟಿಗೆ. ಇನ್ನರ್ಧ ಮಾರ್ಕು ನನ್ನ ಸ್ವಂತ ತಕರಾರು, ಹಡಗಿನ ಹೆಸರು ಅಂಚಿಗಾದ್ರೂ ಬಂತು, ಕಲ್ಲಿದ್ದಲು ಹಾಕಿದವರದ್ದು, ಕಲ್ಕತ್ತಾದ್ದು ಎಲ್ಲೂ ಇಲ್ಲ. 7.8 ಗ್ರಾಮಲ್ಲಿ ಎಷ್ಟು ಹಿಡಿಸೋಕಾಗುತ್ತೆ ಅಂತ ನಮ್ಮ ತಂಗಿ ಕೇಳ್ತಾಳೆ, ಅದೂ ಸರಿನೇ.

ತಗೊಳ್ಳೋರು ದುಡ್ಡು ಕಳಿಸೋ ಮುಂಚೆ ಅಂಚಿನ ಫೋಟೋ ಕೇಳಿ, ಅಕ್ಷರ ಇಲ್ದೇ ಇದ್ರೆ ಅದು ಮಾಮೂಲಿ ಬ್ರಿಟಾನಿಯಾ, ಈ ರೇಟು ಕೊಡ್ಬೇಡಿ. ಬಂದ ಮೇಲೆ ಕ್ಯಾಪ್ಸೂಲಿಂದ ತೆಗೆದ್ರೆ ಅಂಚನ್ನಷ್ಟೇ ಹಿಡಿಯಿರಿ, ಬೆರಳಚ್ಚು ಹೋಗಲ್ಲ. ಮತ್ತೆ ಮನೆಯವರಿಗೆ ಮೊದಲೇ ಹೇಳಿಡಿ, ನಮ್ಮಮ್ಮ ಬೆಳ್ಳಿ ಅಂದ ತಕ್ಷಣ ವಿಭೂತಿ ತಗೊಂಡು ಉಜ್ಜೋಕೆ ಕೂತಿದ್ರು, ಒಂದು ನಿಮಿಷ ತಡ ಆಗಿದ್ರೆ ರಾಣಿ ಮೂಗು ಹೋಗಿರೋದು.