ಬೋಲ್ಟ್ ಕೂತರೆ ಗೇರ್‌ಬಾಕ್ಸ್ ಕೂತಂತಲ್ಲ: ತುಮಕೂರಿನ ಒಂದು ಹಾಟ್ ರಾಡ್ ಕೆಟ್ಟ ಬಗೆ

ಹಳೇ ಫಿಯಟ್ ಬಾಡಿ ಕತ್ತರಿಸಿ ಸಣ್ಣದೊಂದು ಹಾಟ್ ರಾಡ್ (ಹಳೇ ಗಾಡಿಯನ್ನು ಬದಲಿಸಿ ಕಟ್ಟಿದ ಕಾರು) ಕಟ್ಟುತ್ತಿರುವವರು, ಅದಕ್ಕೆ ಬೇರೆ ಗಾಡಿಯ ಗೇರ್‌ಬಾಕ್ಸ್ ಕೂರಿಸಲು ಅಡಾಪ್ಟರ್ ಪ್ಲೇಟ್ (ಒಂದಕ್ಕೊಂದು ಹೊಂದದ ಎಂಜಿನ್, ಗೇರ್‌ಬಾಕ್ಸ್ ನಡುವೆ ಹಾಕುವ ಜೋಡು ಪ್ಲೇಟ್) ಮಾಡಿಸಲು ಹೊರಟವರು ದಯವಿಟ್ಟು ಪೂರ್ತಿ ಓದಿ. ತುಮಕೂರಿನಲ್ಲಿ ಇಂಥದೊಂದು ಕಾರು ಕಟ್ಟಿ ಮುಗಿದು 380 ಕಿ.ಮೀ. ಓಡುವಷ್ಟರಲ್ಲಿ ಗೇರ್‌ಬಾಕ್ಸ್, ಕ್ಲಚ್ ಪ್ಲೇಟ್, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚ) ಮೂರೂ ಹೋದವು. ಹಾಕಿದ ಸಾಮಾನು ಬಹುಮಟ್ಟಿಗೆ ಚೆನ್ನಾಗಿಯೇ ಇತ್ತು. ಅಳತೆ ತೆಗೆದಿರಲಿಲ್ಲ, ಅಷ್ಟೇ.

ಎಂಜಿನ್ ಪದ್ಮಿನಿಯ 1089 ಸಿಸಿ. ಸ್ಟೇರಿಂಗ್ ಪಕ್ಕದ ಲಿವರ್‌ನ ನಾಲ್ಕು ಗೇರ್ ಬಾಕ್ಸ್ ತೆಗೆದು ಮಾರುತಿ ಜಿಪ್ಸಿಯ ಐದು ಗೇರ್ ಬಾಕ್ಸ್ ಹಾಕಿದ್ದರು. ಆಯ್ಕೆ ತಪ್ಪಲ್ಲ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸ್‌ಗೆ ಅಂಟಿಕೊಂಡಿರುವುದಿಲ್ಲ, ಪ್ರತ್ಯೇಕವಾಗಿ ಹಿಂದೆ ತೂಗುತ್ತದೆ. ಅದನ್ನು ಬಿಟ್ಟರೆ ಬಾಕ್ಸಿನಿಂದ ನೇರವಾಗಿ ಹಿಂದಿನ ಆಕ್ಸಲ್‌ಗೆ ಶಾಫ್ಟ್ ಕೊಡಬಹುದು. ಲಿವರ್ ನೆಲದ ಮೇಲೆ ಬರುತ್ತದೆ, ಹೈವೇಯಲ್ಲಿ ಐದನೇ ಗೇರ್ ಎಂಜಿನ್ನಿಗೆ ಉಸಿರಾಡಲು ಬಿಡುತ್ತದೆ.

ಮೊದಲ ನೂರೈವತ್ತು ಕಿಲೋಮೀಟರ್ ಯಾವ ದೂರೂ ಇರಲಿಲ್ಲ. ಆಮೇಲೆ ಕ್ಲಚ್ ಒತ್ತಿದಾಗ ಸಣ್ಣಗೆ ಕಿರ್ ಎನ್ನುವ ಸದ್ದು. ಅದನ್ನು ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ಬೇರಿಂಗ್) ಎಂದುಕೊಂಡು ಓಡಿಸಿದರು. ಶಿರಾ ಕಡೆ ಹೆದ್ದಾರಿಯಲ್ಲಿ ನಾಲ್ಕನೇ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬರಲು ಶುರುವಾಯಿತು, ಅದೂ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೆಲ್ಲ. ಕೊನೆಗೆ ದೇವರಾಯನದುರ್ಗದ ಏರಿನಲ್ಲಿ ಕ್ಲಚ್ ಬಿಡಿಸಿಕೊಳ್ಳದೆ ಗಾಡಿ ನಿಂತಿತು.

ಬಿಚ್ಚಿದಾಗ ಕಂಡದ್ದು ಇದು. ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ಮೂಗು ಕೂರುವ ಬಳೆ, ಅಂದರೆ ಪೈಲಟ್ ಬುಷ್, ಮೊಟ್ಟೆಯಾಕಾರಕ್ಕೆ ಸವೆದಿತ್ತು. ಕ್ಲಚ್ ಪ್ಲೇಟಿನ ನಡುಗಟ್ಟಿನ ರಿವೆಟ್‌ಗಳು ಸಡಿಲವಾಗಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎನ್ನುತ್ತಿದ್ದವು. ಇನ್‌ಪುಟ್ ಶಾಫ್ಟಿನ (ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಶಕ್ತಿ ತರುವ ಶಾಫ್ಟ್) ಬೇರಿಂಗ್ ಹೊರಬಳೆಯಲ್ಲಿ ಗುಳಿ. ಬೆಲ್ ಹೌಸಿಂಗಿನ ಒಂದು ಕಿವಿ ಬೋಲ್ಟ್ ರಂಧ್ರದಿಂದ ಅಂಚಿನವರೆಗೆ ಸೀಳಿತ್ತು. ಇವುಗಳಲ್ಲಿ ಮೊದಲ ಮೂರು ಒಟ್ಟಿಗೆ ಕಂಡರೆ ಅನುಮಾನವೇ ಬೇಡ: ಕ್ರ್ಯಾಂಕ್‌ನ ನಡುಗೆರೆಯೂ ಇನ್‌ಪುಟ್ ಶಾಫ್ಟಿನ ನಡುಗೆರೆಯೂ ಒಂದೇ ಸಾಲಿನಲ್ಲಿಲ್ಲ. ನಾಲ್ಕನೇ ಗೇರೇ ಮೊದಲು ಕಳಚುವುದಕ್ಕೂ ಕಾರಣವಿದೆ. ಈ ಬಾಕ್ಸಿನಲ್ಲಿ ನಾಲ್ಕನೆಯದು ಡೈರೆಕ್ಟ್, ಅಂದರೆ ಇನ್‌ಪುಟ್ ಶಾಫ್ಟನ್ನೂ ಮೇನ್ ಶಾಫ್ಟನ್ನೂ ನೇರ ಕಚ್ಚಿಸುವ ಗೇರ್. ಇನ್‌ಪುಟ್ ಶಾಫ್ಟ್ ಓಲಾಡಿದರೆ ಹಲ್ಲುಗಳು ಒಂದೊಂದು ಸುತ್ತಿಗೂ ಒಂದಿಷ್ಟು ಒಂದಿಷ್ಟೇ ಜಾರಿ ಹೊರಬರುತ್ತವೆ.

ತಪ್ಪು ಇದ್ದದ್ದು ಅಡಾಪ್ಟರ್ ಪ್ಲೇಟಿನಲ್ಲಿ. ಪ್ಲೇಟ್ ಮಾಡಿಕೊಟ್ಟ ಕಡೆ ಎಂಜಿನ್ನಿನ ಹಿಂಬದಿಗೂ ಬೆಲ್ ಹೌಸಿಂಗಿಗೂ ಕಾಗದ ಒತ್ತಿ ಅಚ್ಚು ತೆಗೆದು, ಅದರ ಮೇಲೆ ಪಂಚ್ ಹೊಡೆದು 12 ಮಿ.ಮೀ. ಪ್ಲೇಟಿನಲ್ಲಿ ತೂತು ಕೊರೆದಿದ್ದರು. ಬೋಲ್ಟ್ ಸಲೀಸಾಗಿ ಹೋಗಲಿ ಎಂದು ಒಂದೊಂದು ತೂತೂ ಬೋಲ್ಟಿಗಿಂತ ಅರ್ಧ ಮಿ.ಮೀ. ದೊಡ್ಡದು. ಡವಲ್ ಪಿನ್ (ರಂಧ್ರದಲ್ಲಿ ಬಿಗಿಯಾಗಿ ಕೂರುವ ಸಣ್ಣ ಗೂಟ) ಒಂದೂ ಇಲ್ಲ. ಬೋಲ್ಟ್ ಇರುವುದು ಬಿಗಿಯಲು, ಸ್ಥಾನ ಹಿಡಿಯಲು ಅಲ್ಲ. ಸ್ಥಾನ ಹಿಡಿಯುವುದು ಡವಲ್. ಕಂಪನಿಯಿಂದ ಬಂದ ಎಂಜಿನ್ನಿನಲ್ಲಿ ಮೂಲೆಯಿಂದ ಮೂಲೆಗೆ ಎರಡು ಡವಲ್ ಇರುವುದು ಇದಕ್ಕೇ. ಪ್ಲೇಟ್ ಹಾಕಿದರೆ ಎಂಜಿನ್ ಕಡೆಗೆ ಎರಡು, ಗೇರ್‌ಬಾಕ್ಸ್ ಕಡೆಗೆ ಎರಡು ಇರಲೇಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಈಗ ಅಳತೆಯ ವಿಷಯ. ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್ (ಕಡ್ಡಿ ಎಷ್ಟು ಒತ್ತಿತೆಂದು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಸಾಕು. ಕ್ಲಚ್ ತೆಗೆದು ಸ್ಟ್ಯಾಂಡನ್ನು ಕ್ರ್ಯಾಂಕ್ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಕೂರಿಸಿ, ಗೇಜಿನ ಕಡ್ಡಿ ಇನ್‌ಪುಟ್ ಬೇರಿಂಗ್ ಅಥವಾ ಬೇರಿಂಗ್ ರಿಟೇನರ್ ಕೂರುವ ದುಂಡು ರಂಧ್ರದ ಒಳಗೋಡೆಗೆ ತಾಗುವಂತೆ ಇಡಿ. ಬೆಲ್ ಹೌಸಿಂಗ್ ಬೇರೆಯಾಗಿ ಬಿಚ್ಚಿಕೊಳ್ಳುವ ಬಾಕ್ಸಾದರೆ ಅದನ್ನಷ್ಟೇ ಕಟ್ಟಿ ನೋಡಬಹುದು. ಒಂದೇ ಎರಕವಾದರೆ ಬಾಕ್ಸ್ ಬಿಚ್ಚಿ ಖಾಲಿ ಕೇಸನ್ನು ಕಟ್ಟಬೇಕು. ಬೇಜಾರಿನ ಕೆಲಸ ಹೌದು, ಆದರೆ ಗುಜರಿಯಿಂದ ತಂದ ಬಾಕ್ಸನ್ನು ಹೇಗೂ ಒಮ್ಮೆ ಬಿಚ್ಚಿ ನೋಡಬೇಕಲ್ಲ, ಆಗಲೇ ಮುಗಿಸಿ. ಸ್ಪಾರ್ಕ್ ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸುತ್ತ ನಾಲ್ಕು ಕಡೆ ಓದಿಕೊಳ್ಳಿ.

ಈ ಕಾರಿನಲ್ಲಿ ಬಂದ ಅಂಕಿ: ಮೇಲೆ 0, ಬಲಕ್ಕೆ 0.22, ಕೆಳಗೆ 0.62, ಎಡಕ್ಕೆ 0.40 ಮಿ.ಮೀ. ಮೊದಲು ಮೇಲಿನದೂ ಕೆಳಗಿನದೂ ಕೂಡಿಸಿ, ಎಡದ್ದೂ ಬಲದ್ದೂ ಕೂಡಿಸಿ. ಎರಡು ಮೊತ್ತವೂ ಒಂದೇ ಬಂದರೆ ಓದಿದ್ದು ಸರಿ. ಇಲ್ಲಿ ಎರಡೂ 0.62. ಬೇರೆ ಬೇರೆ ಬಂದರೆ ಸ್ಟ್ಯಾಂಡ್ ಅಲುಗಿದೆ ಅಥವಾ ರಂಧ್ರ ದುಂಡಗಿಲ್ಲ, ಮತ್ತೆ ಓದಿ. ಎದುರುಬದಿರಿನ ವ್ಯತ್ಯಾಸದ ಅರ್ಧದಷ್ಟು ಕೇಸು ಜರುಗಿರುತ್ತದೆ. ಕಡ್ಡಿ ಹೆಚ್ಚು ಒತ್ತಿದ ಕಡೆ ಗೋಡೆ ಹತ್ತಿರ, ಅಂದರೆ ಕೇಸು ಹೋಗಿರುವುದು ಅದರ ಎದುರು ದಿಕ್ಕಿಗೆ. ಇಲ್ಲಿ ಕೇಸು 0.31 ಮಿ.ಮೀ. ಮೇಲಕ್ಕೂ 0.09 ಬಲಕ್ಕೂ ಸರಿದಿತ್ತು. ಗೇಜಿನ ಒಟ್ಟು ಓಟ (ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಿಯ ವ್ಯತ್ಯಾಸ) 0.13 ಮಿ.ಮೀ. ದಾಟಬಾರದು ಎಂಬುದು ಗೇರ್‌ಬಾಕ್ಸ್ ಕೂರಿಸುವವರ ಹಳೆಯ ಲೆಕ್ಕ. ಇಲ್ಲಿ ಅದರ ಹತ್ತಿರಹತ್ತಿರ ಐದರಷ್ಟು.

ಸರಿಪಡಿಸುವುದು ಹೀಗೆ. ಕೇಸಿನ ಬೋಲ್ಟುಗಳನ್ನು ಅರೆಬಿಗಿ ಮಾಡಿ, ಮರದ ಸುತ್ತಿಗೆಯಲ್ಲಿ ತಟ್ಟುತ್ತ 0.13ರ ಒಳಗೆ ತನ್ನಿ. ಪೂರ್ತಿ ಬಿಗಿದ ಮೇಲೆ ಮತ್ತೊಮ್ಮೆ ಓದಿ, ಬಿಗಿಯುವಾಗ ಜರುಗುವುದು ಮಾಮೂಲು. ಆ ಸ್ಥಿತಿಯಲ್ಲೇ ಕೇಸು, ಪ್ಲೇಟು ಎರಡಕ್ಕೂ ಸೇರಿಸಿ ತೂತು ಕೊರೆದು ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಿ 8 ಮಿ.ಮೀ. ಡವಲ್ ಎರಡು ಹೊಡೆಯಿರಿ. ಪ್ಲೇಟನ್ನು ಹೊಸದಾಗಿ ಮಾಡಿಸುವುದಾದರೆ ಕಾಗದದ ಅಚ್ಚು ಬೇಡ. ಎಂಜಿನ್ ಮತ್ತು ಕೇಸಿನ ತೂತುಗಳನ್ನು ಮಿಲ್ಲಿಂಗ್ ಮಷೀನಿನಲ್ಲಿ ಕ್ರ್ಯಾಂಕ್ ನಡುವಿನಿಂದ ಅಳೆದು ಬರೆಸಿಕೊಳ್ಳಿ.

ಎರಡನೆಯ ತಪ್ಪು ಪ್ಲೇಟಿನ ದಪ್ಪದಿಂದ ಬಂದದ್ದು. 12 ಮಿ.ಮೀ. ಪ್ಲೇಟ್ ಹಾಕಿದರೆ ಇಡೀ ಗೇರ್‌ಬಾಕ್ಸ್ 12 ಮಿ.ಮೀ. ಹಿಂದಕ್ಕೆ ಹೋಗುತ್ತದೆ, ಇನ್‌ಪುಟ್ ಶಾಫ್ಟಿನ ಮೂಗೂ ಅಷ್ಟೇ ಹಿಂದೆ ಸರಿಯುತ್ತದೆ. ಇಲ್ಲಿ ಮೂಗು ಬುಷ್ ಒಳಗೆ ಹೋಗಿದ್ದು ಬರೀ 5 ಮಿ.ಮೀ. ಅದೂ ಬುಷ್ಷನ್ನು ಸಾದಾ ಹಿತ್ತಾಳೆಯಲ್ಲಿ ತಿರುವಿದ್ದರು. ಎಣ್ಣೆ ಹೀರುವ ರಂಧ್ರಯುಕ್ತ ಕಂಚಿನ ಬುಷ್ಷೇ ಬೇಕು. ಕೂರಿಸುವ ಮುಂಚೆ ಒಂದು ರಾತ್ರಿ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಿ. ಗ್ರೀಸ್ ತುಂಬಿದರೆ ಆ ರಂಧ್ರಗಳು ಕಟ್ಟಿಕೊಳ್ಳುತ್ತವೆ. ದಪ್ಪ ಪ್ಲೇಟಿಗೆ ತಕ್ಕಂತೆ ಉದ್ದವಾದ, ಮೆಟ್ಟಿಲಿರುವ ಬುಷ್ ತಿರುವಿಸಿ. ಆದರೆ ಮೂಗು ತಳಕ್ಕೆ ತಾಗಬಾರದು, 3 ಮಿ.ಮೀ. ಬಿಡುವಿರಲಿ. ತಾಗಿದರೆ ಗೇರ್‌ಬಾಕ್ಸ್ ಕ್ರ್ಯಾಂಕನ್ನೇ ಮುಂದಕ್ಕೆ ತಳ್ಳಿ, ಅದು ಹಿಂದೆಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ವಾಷರ್ ತಿನ್ನುತ್ತದೆ. ಮೂಗಿನ ತುದಿಗೆ ಮಕ್ಕಳ ಆಟದ ಮೇಣ ಅಂಟಿಸಿ ಒಮ್ಮೆ ಕೂರಿಸಿ ತೆಗೆದರೆ ಎಷ್ಟು ಬಿಡುವಿದೆಯೆಂದು ಕಾಣುತ್ತದೆ. ರಿಲೀಸ್ ಬೇರಿಂಗ್ ಎತ್ತರವನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ, ಆ 12 ಮಿ.ಮೀ. ಅಲ್ಲೂ ಲೆಕ್ಕಕ್ಕೆ ಬರುತ್ತದೆ.

ಕಿವಿ ಸೀಳಿದ್ದು ಹೇಗೆ? ಗೇರ್‌ಬಾಕ್ಸ್ ಕೂರಿಸುವಾಗ 4–5 ಮಿ.ಮೀ. ಸಂದು ಉಳಿದಿತ್ತು, ಬೋಲ್ಟ್ ಬಿಗಿದು ಎಳೆದು ಮುಚ್ಚಿದರು. ಬೋಲ್ಟಿನಿಂದ ಎಳೆಯುವುದು ಅಲ್ಯೂಮಿನಿಯಂ ಎರಕವನ್ನು ಕೈಯಾರೆ ಮುರಿದಂತೆ. ಬಾಕ್ಸ್ ಕೈಯೊತ್ತಡಕ್ಕೇ ಪೂರ್ತಿ ಕೂತು ಮುಖಕ್ಕೆ ಮುಖ ಸೇರಬೇಕು. ಸೇರದಿದ್ದರೆ ಕ್ಲಚ್ ಪ್ಲೇಟ್ ನಡುವಿಗಿಲ್ಲ, ಇಲ್ಲವೇ ಹಲ್ಲು ಹೊಂದಿಲ್ಲ, ಇಲ್ಲವೇ ಮೂಗು ತಳಕ್ಕೆ ತಾಗಿದೆ. ಮೊದಲು ಕ್ಲಚ್ ಪ್ಲೇಟ್ ಇಲ್ಲದೆ ಕೂರಿಸಿ ನೋಡಿ, ಆಮೇಲೆ ಹಾಕಿ ಕೂರಿಸಿ. ಎಲ್ಲಿ ತಡೆಯುತ್ತಿದೆ ಎಂದು ಆಗಲೇ ಗೊತ್ತಾಗುತ್ತದೆ. ಬಾಕ್ಸಿನ ಭಾರವನ್ನು ಇನ್‌ಪುಟ್ ಶಾಫ್ಟಿನ ಮೇಲೆ ತೂಗುಬಿಟ್ಟು ಟೀ ಕುಡಿಯಲು ಹೋಗಬೇಡಿ. ಕ್ಲಚ್ ಪ್ಲೇಟ್ ಬಾಗಲು ಅಷ್ಟು ಹೊತ್ತೇ ಸಾಕು, ಕೆಳಗೆ ಜಾಕ್ ಇರಲಿ.

ಕ್ಲಚ್ಚಿನ ಹೈಡ್ರಾಲಿಕ್ ಲೆಕ್ಕದಲ್ಲಿ ಇನ್ನೊಂದು ಎಡವಟ್ಟಾಗಿತ್ತು. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ವ್ಯಾಸ 15.87 ಮಿ.ಮೀ., ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರಿನದು 19.05 ಮಿ.ಮೀ. ಮಾಸ್ಟರ್ ಪಿಸ್ಟನ್ 25 ಮಿ.ಮೀ. ಹೋದರೆ ಸ್ಲೇವ್ ಹೋಗುವುದು ಸುಮಾರು 17. ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕ್ ಅದನ್ನು ಅರ್ಧ ಮಾಡಿದರೆ ಬೇರಿಂಗ್ ಚಲಿಸುವುದು ಎಂಟೂವರೆ. ಲೆಕ್ಕಕ್ಕೆ ಸಾಕು. ಆದರೆ ಮಾಸ್ಟರನ್ನು ಕಟ್ಟಿದ್ದು ತೆಳು ತಗಡಿನ ಫೈರ್‌ವಾಲಿಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ). ಪೆಡಲ್ ಒತ್ತಿದಾಗ ಆ ತಗಡೇ 4 ಮಿ.ಮೀ. ಉಬ್ಬುತ್ತಿತ್ತು. ಒಬ್ಬರು ಪೆಡಲ್ ಒತ್ತಿ ಇನ್ನೊಬ್ಬರು ಬಾನೆಟ್ ಎತ್ತಿ ನೋಡಿದರೆ ಕಣ್ಣಿಗೇ ಕಾಣುತ್ತಿತ್ತು. ಬೇರಿಂಗಿಗೆ ಉಳಿದದ್ದು ಏಳು ಚಿಲ್ಲರೆ. ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಹಾಕುವಾಗ ಹಲ್ಲು ಕಡಿಯುತ್ತಿತ್ತು, ದೂರು ಮಾತ್ರ ಸಿಂಕ್ರೋ (ಗೇರ್ ಸದ್ದಿಲ್ಲದೆ ಕಚ್ಚುವಂತೆ ವೇಗ ಹೊಂದಿಸುವ ಬಳೆ) ಮೇಲೆ. ತಗಡಿನ ಹಿಂದೆ 3 ಮಿ.ಮೀ. ಪ್ಲೇಟ್ ಕೊಟ್ಟು ಪೆಡಲ್ ಬ್ರಾಕೆಟ್ಟಿಗೆ ಸೇರಿಸಿ ಕಟ್ಟಬೇಕು.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಗ್ಗೆ: ಎಂಜಿನ್ ಬಾಲ 3 ಡಿಗ್ರಿ ಕೆಳಗಿದ್ದರೆ ಆಕ್ಸಲ್‌ನ ಡಿಫರೆನ್ಷಿಯಲ್ ಮೂಗು 3 ಡಿಗ್ರಿ ಮೇಲಿರಬೇಕು. ವ್ಯತ್ಯಾಸ 1 ಡಿಗ್ರಿ ದಾಟದಿರಲಿ. ಗಾಡಿ ಚಕ್ರದ ಮೇಲೆ ನಿಂತಾಗಲೇ ಅಳೆಯಿರಿ, ಜಾಕ್ ಮೇಲಲ್ಲ. ಸ್ಲಿಪ್ ಯೋಕ್ (ಶಾಫ್ಟಿನ ತುದಿಯಲ್ಲಿ ಒಳಗೆ ಹೊರಗೆ ಜಾರುವ ಕೊಂಡಿ) ತಳ ಮುಟ್ಟುವ ಮುಂಚೆ 20–25 ಮಿ.ಮೀ. ಉಳಿಯಲಿ. ಶಾಫ್ಟ್ ಕತ್ತರಿಸುವ ಮುಂಚೆ ಉದ್ದಕ್ಕೆ ಒಂದು ಗೆರೆ ಎಳೆಸಿ, ಇಲ್ಲದಿದ್ದರೆ ಎರಡು ಯೋಕ್ ಬೇರೆ ಬೇರೆ ದಿಕ್ಕಿಗೆ ವೆಲ್ಡ್ ಆಗುತ್ತವೆ. ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ಗೇರ್ ಆಯಿಲ್ ಜಿಎಲ್-4 ದರ್ಜೆಯದು, ದಪ್ಪ 80ಡಬ್ಲ್ಯು-90. ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ಉಳಿದಿದೆ ಎಂದು ಇದಕ್ಕೆ ಸುರಿದರೆ ಹಿತ್ತಾಳೆ ಸಿಂಕ್ರೋ ಬಳೆಗಳಿಗೆ ಕೇಡು. ಎಂಜಿನ್, ಬಾಕ್ಸ್ ಎರಡೂ ರಬ್ಬರ್ ಮೇಲೆ ಕೂತಿರುವುದರಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಕೊಡಿ. ಮರೆತರೆ ಸ್ಟಾರ್ಟರ್ ಕರೆಂಟ್ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹರಿದು ಅದನ್ನೇ ಸುಡುತ್ತದೆ.

ಕಾಗದಪತ್ರದ ಕಡೆಯೂ ಒಂದು ಮಾತು. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇದೆ. ತುಮಕೂರಿನ ಕೆಎ-06 ಆಗಲಿ ಮಧುಗಿರಿಯ ಕೆಎ-64 ಆಗಲಿ, ಗ್ರೈಂಡರ್ ಹಿಡಿಯುವ ಮೊದಲು ಆರ್‌ಟಿಒದಲ್ಲಿ ಕೇಳಿ. ವಿಮೆಯವರಿಗೂ ಬರೆದು ತಿಳಿಸಿ.

ಈಗಾಗಲೇ ಇಂಥ ಪ್ಲೇಟ್ ಹಾಕಿ ಓಡಿಸುತ್ತಿರುವವರು ಇವತ್ತೇ ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ ಕಿವಿಗೊಡಿ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ಪೈಲಟ್ ಬುಷ್ ಅಥವಾ ರಿಲೀಸ್ ಬೇರಿಂಗ್. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಇನ್‌ಪುಟ್ ಬೇರಿಂಗ್. ಇದರ ಜೊತೆ ನಾಲ್ಕನೇ ಗೇರ್ ಒಂದೇ ಒಂದು ಸಲ ಕಳಚಿದ್ದರೂ ಗಾಡಿಯನ್ನು ರಸ್ತೆಗಿಳಿಸಬೇಡಿ. ಬಾಕ್ಸ್ ಇಳಿಸಿ, ಪ್ಲೇಟನ್ನು ಎಂಜಿನ್ನಿನಲ್ಲೇ ಬಿಟ್ಟು, ಡಯಲ್ ಗೇಜಿನಲ್ಲಿ ನಾಲ್ಕು ಅಂಕಿ ಬರೆದುಕೊಳ್ಳಿ. ಬೇರಿಂಗ್ ಬದಲಿಸುವುದು ಆಮೇಲೆ.