ಹವಳ ಎಷ್ಟು ಬೆಳೆಯಿತು? ಕ್ಯಾಲಿಪರ್, ತಕ್ಕಡಿ, ತ್ರೀಡಿ ಮಾಡೆಲ್

ಒಂದೇ ಹವಳವನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದೆ. ಎರಡು ಬೇರೆ ಬೇರೆ ಉತ್ತರ ಬಂತು. ಅಷ್ಟರಲ್ಲಿ ಹವಳ ಬೆಳೆದಿರಲು ಸಾಧ್ಯವಿಲ್ಲ, ಅಲ್ವಾ? ಹಾಗಾಗಿ ಯಾವ ವಿಧಾನ ಒಳ್ಳೆಯದು ಎಂದು ಕೇಳುವ ಮೊದಲು ಒಂದೇ ದಿನದ ಅಳತೆಗಳು ಎಷ್ಟು ಏರುಪೇರಾಗುತ್ತವೆ ಎಂದು ನೋಡಬೇಕು. ಹವಳದ ಬೆಳವಣಿಗೆ ಆ ಏರುಪೇರಿಗಿಂತ ಜಾಸ್ತಿ ಇದ್ದರೆ ಮಾತ್ರ ಲೆಕ್ಕಕ್ಕೆ ಅರ್ಥ. ಕವಲೊಡೆಯುವ ಅಕ್ರೊಪೊರಾ, ಗುಂಡು ಬಂಡೆಯಂಥ ಪೊರೈಟಿಸ್ ಎರಡರ ಮೇಲೂ ನಾಲ್ಕು ವಿಧಾನ ಬಳಸಿದೆ.

ಮೊದಲನೆಯದು ಕ್ಯಾಲಿಪರ್, ಅಂದರೆ ಎರಡು ದವಡೆಗಳ ನಡುವೆ ಹಿಡಿದು ಉದ್ದ ಅಳೆಯುವ ಉಪಕರಣ. ಕವಲಿನ ಬುಡಕ್ಕೆ ಒಂದು ಕೇಬಲ್ ಟೈ ಕಟ್ಟಿ, ಅಲ್ಲಿಂದ ತುದಿಯವರೆಗೆ ಅಳೆಯುವುದು. ಅಕ್ರೊಪೊರಾದ ಕೆಲವು ಜಾತಿಗಳು ವರ್ಷಕ್ಕೆ 10 ಸೆಂ.ಮೀ.ವರೆಗೂ ಉದ್ದವಾಗುತ್ತವೆ. ಅವುಗಳಿಗೆ ಇದು ಸಾಕು. ಪೊರೈಟಿಸ್ ಬೆಳೆಯುವುದು ವರ್ಷಕ್ಕೆ ಸುಮಾರು 1 ಸೆಂ.ಮೀ. ಅಲೆಗೆ ಕೈ ಅಲುಗಿದರೆ, ಕ್ಯಾಲಿಪರ್ ಸ್ವಲ್ಪ ಓರೆಯಾದರೆ, ಕೆಲವು ತಿಂಗಳ ಬೆಳವಣಿಗೆಯೇ ಮುಚ್ಚಿಹೋಗುತ್ತದೆ. ಜೊತೆಗೆ ಲೋಹದ ತುದಿ ಜೀವಂತ ಪಾಲಿಪ್‌ಗಳಿಗೆ, ಅಂದರೆ ಹವಳವನ್ನು ಕಟ್ಟುವ ಪುಟ್ಟ ಪ್ರಾಣಿಗಳಿಗೆ, ತಗಲುತ್ತದೆ. ಅದು ನನಗೆ ಇಷ್ಟವಾಗಲಿಲ್ಲ.

ಮೇಲಿನಿಂದ ಒಂದೇ ಫೋಟೊ ತೆಗೆದು ವಿಸ್ತೀರ್ಣ ಲೆಕ್ಕ ಹಾಕುವ ವಿಧಾನ ಬೇಗ ಮುಗಿಯುತ್ತದೆ. ಆದರೆ ಹವಳ ಮೇಲಕ್ಕೆ ಬೆಳೆದದ್ದು ಅದರಲ್ಲಿ ಕಾಣುವುದೇ ಇಲ್ಲ. ಅದನ್ನು ಬೇಗ ಬಿಟ್ಟೆ.

ಮೂರನೆಯದು ನೀರಿನೊಳಗೆ ತೂಗುವುದು. ತಕ್ಕಡಿಯ ಕೆಳಗೆ ದಾರದಲ್ಲಿ ಹವಳವನ್ನು ಇಳಿಬಿಟ್ಟು, ಸಮುದ್ರದ ನೀರಿನಲ್ಲಿ ಮುಳುಗಿಸಿಯೇ ತೂಗಬೇಕು. ಇದರ ಹಿಂದಿನ ಯೋಚನೆ ತುಂಬಾ ಚೆನ್ನಾಗಿದೆ. ಹವಳದ ಮೆತ್ತನೆಯ ಮೈಯ ಸಾಂದ್ರತೆ ನೀರಿನ ಸಾಂದ್ರತೆಗೆ ಹತ್ತಿರ ಇರುವುದರಿಂದ ಅದು ಹೆಚ್ಚುಕಡಿಮೆ ತೂಗುವುದೇ ಇಲ್ಲ. ತೂಗುವುದು ಕಲ್ಲಿನಂಥ ಅಸ್ಥಿಪಂಜರ ಮಾತ್ರ. ಅದು ಅರಗೊನೈಟ್ ಎಂಬ ಖನಿಜ, ಸಾಂದ್ರತೆ ಘನ ಸೆಂ.ಮೀ.ಗೆ 2.93 ಗ್ರಾಂ. ಗಾಳಿಯಲ್ಲಿ 100 ಗ್ರಾಂ ಇರುವ ಅಸ್ಥಿಪಂಜರ ಸಮುದ್ರದ ನೀರಿನಲ್ಲಿ ಸುಮಾರು 65 ಗ್ರಾಂ ತೂಗುತ್ತದೆ. ನೀರಿನ ಉಪ್ಪು, ಬಿಸಿ ಬದಲಾದರೆ ತೂಕವೂ ಬದಲಾಗುತ್ತದೆ. ಅದಕ್ಕೆ ತೂಕ ಗೊತ್ತಿರುವ ಗಾಜಿನ ತುಂಡನ್ನು ಪ್ರತಿ ಸಲ ಜೊತೆಗೆ ತೂಗುತ್ತಿದ್ದೆ. ಗುಳ್ಳೆಗಳನ್ನು ಒರೆಸಿ, ಹವಳದ ತುಂಡನ್ನು ಅಂಟಿಸಿದ ಬಿಲ್ಲೆಗೆ ಹತ್ತಿದ ಪಾಚಿ ಕೆರೆದರೆ, ಕೆಲವೇ ವಾರಗಳ ಬೆಳವಣಿಗೆ ಕೂಡ ಸಿಗುತ್ತದೆ. ಆದರೆ ಬಂಡೆಗೆ ಅಂಟಿಕೊಂಡ ದೊಡ್ಡ ಹವಳವನ್ನು ಕಿತ್ತು ತೂಗಲು ಆಗುತ್ತದಾ? ತೊಟ್ಟಿಯ ಸಣ್ಣ ತುಂಡುಗಳಿಗೆ ಮಾತ್ರ ಇದು.

ಇನ್ನು ತ್ರೀಡಿ ಮಾಡೆಲ್. ಹವಳದ ಸುತ್ತ ಈಜುತ್ತಾ ಎಲ್ಲ ಕೋನದಿಂದ ಫೋಟೊ ತೆಗೆಯುವುದು. ಪಕ್ಕಪಕ್ಕದ ಎರಡು ಫೋಟೊಗಳಲ್ಲಿ ಮುಕ್ಕಾಲು ಪಾಲು ಒಂದೇ ದೃಶ್ಯ ಇರಬೇಕು. ಎರಡರಲ್ಲೂ ಕಾಣುವ ಬಿಂದುಗಳನ್ನು ಹೊಂದಿಸಿ ಸಾಫ್ಟ್‌ವೇರ್ ಆಕಾರ ಕಟ್ಟುತ್ತದೆ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಮೆಟಾಶೇಪ್‌ಗೆ ಹಣ ಕೊಡಬೇಕು. ಮೆಶ್‌ರೂಮ್, ಕೋಲ್‌ಮ್ಯಾಪ್ ಉಚಿತ.

ನನ್ನ ಮೊದಲ ಮಾಡೆಲ್‌ಗಳು ಕೆಟ್ಟವು. ಚಪ್ಪಟೆ ನೆಲ ಬೋಗುಣಿಯ ಹಾಗೆ ಬಾಗಿತ್ತು. ಚಪ್ಪಟೆ ಗಾಜಿನ ಹಿಂದಿನ ಕ್ಯಾಮೆರಾಗೆ ನೀರಿನಲ್ಲಿರುವ ವಸ್ತು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ಅಂಚಿನಲ್ಲಿ ಚಿತ್ರ ಎಳೆದಂತಾಗುತ್ತದೆ. ಅದರ ಮೇಲೆ ನಾನು ನೇರ ಕೆಳಮುಖ ಫೋಟೊ ಮಾತ್ರ ತೆಗೆದಿದ್ದೆ. ಕ್ಯಾಮೆರಾದ ಮುಂದೆ ಚಪ್ಪಟೆ ಗಾಜಿನ ಬದಲು ಅರ್ಧಗೋಳದ ಗಾಜು (ಡೋಮ್ ಪೋರ್ಟ್) ಹಾಕಿ, ಓರೆ ಫೋಟೊ ಸೇರಿಸಿದ ಮೇಲೆ ಸರಿಹೋಯಿತು. ಆಳವಿಲ್ಲದ ಕಡೆ ನೆಲದ ಮೇಲೆ ಕುಣಿಯುವ ಬಿಸಿಲಿನ ಗೆರೆಗಳೂ ಸಾಫ್ಟ್‌ವೇರನ್ನು ದಾರಿ ತಪ್ಪಿಸುತ್ತವೆ. ಮೋಡ ಕವಿದ ಬೆಳಗು ಇದ್ದರೆ ಬಹಳ ಒಳ್ಳೆಯದು. ಉದ್ದ ಗೊತ್ತಿರುವ ಸ್ಕೇಲ್ ಬಾರ್‌ಗಳು ಚಿತ್ರದಲ್ಲಿ ಇರಲೇಬೇಕು. ಇಲ್ಲದಿದ್ದರೆ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಇನ್ನೊಂದು. ಎರಡು ಕಾಲದ ಮಾಡೆಲ್‌ಗಳನ್ನು, ತ್ರೀಡಿ ಆಕಾರಗಳನ್ನು ಹೋಲಿಸುವ ಕ್ಲೌಡ್‌ಕಂಪೇರ್ ಎಂಬ ಪ್ರೋಗ್ರಾಂನಲ್ಲಿ ಹವಳಕ್ಕೆ ಹವಳವನ್ನೇ ತಾಳೆ ಹಾಕಿದೆ. ಆಗ ಪ್ರೋಗ್ರಾಂ ಎರಡು ಮೈಗಳನ್ನು ಆದಷ್ಟು ಹತ್ತಿರ ತರುತ್ತದೆ. ಒಂದು ಕಡೆಯ ಬೆಳವಣಿಗೆ ಸುತ್ತಲೂ ಹಂಚಿಹೋಗಿ ಮಾಯವಾಗುತ್ತದೆ! ಈಗ ಪಕ್ಕದ ಸತ್ತ ಬಂಡೆಯಲ್ಲಿ ನಾಲ್ಕು ಮೊಳೆಗಳನ್ನು ಎಪಾಕ್ಸಿ ಅಂಟು ಹಾಕಿ ನಿಲ್ಲಿಸುತ್ತೇನೆ. ತಾಳೆ ಹಾಕುವುದು ಅವುಗಳ ಮೇಲೆ ಮಾತ್ರ.

ಪೊರೈಟಿಸ್‌ಗೆ ಒಂದೇ ದಿನದ ಮೂರು ಮಾಡೆಲ್‌ಗಳು ಚೆನ್ನಾಗಿ ಹೊಂದಿದವು. ಅಕ್ರೊಪೊರಾದಲ್ಲಿ ಹಾಗಾಗಲಿಲ್ಲ. ಕವಲುಗಳ ಸಂದಿಗೆ ಕ್ಯಾಮೆರಾ ಇಣುಕಲಾರದು, ಸಾಫ್ಟ್‌ವೇರ್ ಆ ಜಾಗವನ್ನು ಸುಮ್ನೆ ತುಂಬಿಬಿಡುತ್ತದೆ. ಒಂದು ಸತ್ತ ಅಸ್ಥಿಪಂಜರವನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆದು ನೋಡಿದೆ. ಮಾಡೆಲ್ ಹೇಳಿದ ಗಾತ್ರ ಜಾಸ್ತಿಯೇ ಇತ್ತು.

ಆದರೂ ಸಮುದ್ರದಲ್ಲಿ ನಾನು ಆರಿಸುವುದು ಇದನ್ನೇ. ಒಂದು ಅಕ್ರೊಪೊರಾದಲ್ಲಿ ಟೈ ಕಟ್ಟಿದ ಕವಲುಗಳೆಲ್ಲ ಉದ್ದವಾಗಿದ್ದವು. ಕ್ಯಾಲಿಪರ್ ಪ್ರಕಾರ ಹವಳ ಚೆನ್ನಾಗಿತ್ತು. ಮಾಡೆಲ್ ನೋಡಿದರೆ, ಹಿಂಬದಿಯ ಎರಡು ಕವಲು ಮುರಿದುಹೋಗಿದ್ದವು, ಒಟ್ಟು ಗಾತ್ರ ಕಡಿಮೆಯಾಗಿತ್ತು. ಆ ಕವಲುಗಳಿಗೆ ನಾನು ಟೈ ಕಟ್ಟಿರಲೇ ಇಲ್ಲ.

ನೀವು ಶುರು ಮಾಡುವುದಾದರೆ ಕಂಪ್ಯೂಟರ್ ಆಮೇಲೆ ನೋಡಿಕೊಳ್ಳಿ. ಮೊದಲು ಮೊಳೆ ನೆಡಿ, ಸ್ಕೇಲ್ ಬಾರ್ ಇಡಿ, ಮೂಲ ಫೋಟೊಗಳನ್ನು ಅಳಿಸದೆ ಇಟ್ಟುಕೊಳ್ಳಿ. ಕೆಟ್ಟುಹೋಗಿದ್ದ ನನ್ನ ಹಳೆಯ ಮಾಡೆಲ್‌ಗಳಲ್ಲಿ ಕೆಲವನ್ನು ಅದೇ ಫೋಟೊಗಳಿಂದ ಮತ್ತೆ ಕಟ್ಟಲು ಸಾಧ್ಯವಾಯಿತು.